ಅಚ್ಚಿನ ಗೆರೆ, ವಿದ್ಯಾರಣ್ಯರ ಬಟ್ಟೆ

ಬೆಂಗಳೂರಿನ ಹೊಸಹಳ್ಳಿ, ವಿಜಯನಗರ ಕಡೆಯ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಹನ್ನೆರಡು ಬಣ್ಣದ, ಇಪ್ಪತ್ತನಾಲ್ಕು ಬಣ್ಣದ ಕಲರ್ ಪೆನ್ಸಿಲ್ ಡಬ್ಬಿ ಸಿಗುತ್ತದೆ. ಅದರ ಪಕ್ಕದಲ್ಲೇ ಗಣಪತಿ, ನವಿಲು, ತಾವರೆಗಳ ಬರೀ ಗೆರೆ ಅಚ್ಚಾದ ಪುಸ್ತಕಗಳೂ ಇರುತ್ತವೆ. ಮಕ್ಕಳ ಪಾಲಿಗಿದ್ದ ಈ ಕೆಲಸವನ್ನು ಈಚೆಗೆ ದೊಡ್ಡವರೂ ಹಚ್ಚಿಕೊಂಡಿದ್ದಾರೆ. ರಬ್ಬರ್ ಅಚ್ಚನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ಮೂಡಿದ ಚಿತ್ರಕ್ಕೆ ಪೆನ್ಸಿಲಿನಿಂದ ಪದರ ಪದರವಾಗಿ ಬಣ್ಣ ಕೊಡುತ್ತಾರೆ. ಚಿತ್ರ ಬಲ್ಲವರು ಇದನ್ನು ಕಲೆ ಎನ್ನುವುದಿಲ್ಲ. ಧ್ಯಾನ, ಸಾಧನೆ ಎಂದು ಯಾರಾದರೂ ಹೇಳಿದರೆ ಶಾಸ್ತ್ರ ಬಲ್ಲವರು ನಗುತ್ತಾರೆ. ಇಬ್ಬರ ತಕರಾರೂ ಒಂದೇ: ಗೆರೆ ನಿನ್ನದಲ್ಲವಲ್ಲ! ಈ ತಕರಾರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ಪೆನ್ಸಿಲಿಗೆ ನಿಲ್ಲುವುದಿಲ್ಲ. ಮಂತ್ರ ನಾವು ಕಟ್ಟಿದ್ದಲ್ಲ, ಪೂಜೆಯ ಕ್ರಮ ನಾವು ಗೊತ್ತುಮಾಡಿದ್ದಲ್ಲ, ಹಬ್ಬದ ದಿನ ಪಂಚಾಂಗದ್ದು. ಬೇರೆಯವರು ಹಾಕಿಕೊಟ್ಟ ಗೆರೆಯೊಳಗೆ ಮಾಡಿದ ಕೆಲಸ ನನ್ನ ಸಾಧನೆ ಆದೀತೇ ಎಂಬ ಪ್ರಶ್ನೆಗೆ ಇಲ್ಲ ಎಂಬುದೇ ಉತ್ತರವಾದರೆ, ನಮ್ಮ ಧಾರ್ಮಿಕ ಬದುಕಿನ ಮುಕ್ಕಾಲು ಪಾಲು ಪೊಳ್ಳಾಗುತ್ತದೆ.

ಸಂಪ್ರದಾಯವಂತೂ ಅಚ್ಚಿಗೆ ನಾಚಿಕೊಂಡದ್ದಿಲ್ಲ. ಮಾಧ್ವರು ಸ್ನಾನವಾದ ಮೇಲೆ ಗೋಪೀಚಂದನದಲ್ಲಿ ಹಚ್ಚಿಕೊಳ್ಳುವ ಶಂಖ, ಚಕ್ರ, ಗದೆ, ಪದ್ಮ, ನಾರಾಯಣ ಮುದ್ರೆಗಳು ಲೋಹದ ಅಚ್ಚಿನಿಂದ ಒತ್ತಿದವು. ಆಷಾಢ ಶುದ್ಧ ಏಕಾದಶಿಯಂದು ಅವುಗಳಲ್ಲಿ ಶಂಖ, ಚಕ್ರಗಳನ್ನು ಕಾಯಿಸಿ ತಪ್ತಮುದ್ರೆಯಾಗಿ ಹಾಕಿಸಿಕೊಳ್ಳುತ್ತಾರೆ. ಪಂಡಿತರಿಗೂ ಅಡುಗೆಯವರಿಗೂ ಮುದ್ರೆ ಒಂದೇ. ಸಂಕ್ರಾಂತಿಯ ಸಕ್ಕರೆ ಅಚ್ಚು ಮರದ ಅಚ್ಚಿನದು. ಧನುರ್ಮಾಸದ ಬೆಳಗ್ಗೆ ಬಾಗಿಲ ಮುಂದೆ ಜಾಲರಿಯಿಂದ ರಂಗೋಲಿ ಇಳಿಸಿ ಆಮೇಲೆ ಕೈಯಲ್ಲಿ ಬಣ್ಣ ತುಂಬುವವರೂ ಇದ್ದಾರೆ, ಅವರ ರಂಗೋಲಿ ರಂಗೋಲಿಯಲ್ಲ ಎಂದು ಯಾವ ಲಕ್ಷ್ಮಿಯೂ ಹಿಂದಿರುಗಿ ಹೋದಂತಿಲ್ಲ. ಅರಮನೆಯ ಚಿತ್ರಕಾರರ ಸ್ಥಿತಿಯೂ ಬಹಳ ಬೇರೆಯಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ 9 ನಿಧಿಗಳ ಸಚಿತ್ರ ಗ್ರಂಥ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈ ಯಾವ ಬಣ್ಣ ಎಂಬುದೆಲ್ಲ ಅಲ್ಲಿ ಧ್ಯಾನಶ್ಲೋಕಗಳ ಪ್ರಕಾರ ನಿಗದಿಯಾಗಿದೆ. ಗೆರೆ ಮಾತ್ರವಲ್ಲ, ಬಣ್ಣವೂ ಕೊಟ್ಟದ್ದೇ. ಹಾಗಿದ್ದರೂ ಮೈಸೂರು ಶೈಲಿಯ ಎರಡು ಸರಸ್ವತಿಯರನ್ನು ಪಕ್ಕಪಕ್ಕ ಇಟ್ಟರೆ ಎರಡು ಕೈಗಳ ಕೆಲಸ ಎಂದು ತಿಳಿಯುತ್ತದೆ. ತಿಳಿಯುವುದು ಕೆನ್ನೆಯಿಂದ ಕತ್ತಿಗೆ ಬೆಳಕು ಇಳಿಯುವ ರೀತಿಯಲ್ಲಿ, ಕಣ್ಣಿನ ತೆರವಿನಲ್ಲಿ.

ಈ ಪ್ರಶ್ನೆಯನ್ನು ನೇರವಾಗಿ ಮುಟ್ಟುವ ಗ್ರಂಥವೊಂದು ನಮ್ಮಲ್ಲಿದೆ. ಅದರ ಕರ್ತೃವಿನ ನೆನಪು ಈ ಬಡಾವಣೆಗಳಿಗೆ ತೀರ ದೂರದ್ದೂ ಅಲ್ಲ. ವಿಜಯನಗರ, ಹಂಪಿನಗರ ಎಂಬ ಹೆಸರುಗಳು ನೆನಪಿಸುವ ಸಾಮ್ರಾಜ್ಯದ ಹುಟ್ಟಿನೊಂದಿಗೆ ಪರಂಪರೆ ಸೇರಿಸಿ ಹೇಳುವ 14ನೇ ಶತಮಾನದ ಯತಿ, ಶೃಂಗೇರಿ ಪೀಠದ ವಿದ್ಯಾರಣ್ಯರು. ಅವರ ಹೆಸರಿನ ‘ಪಂಚದಶಿ’ಯಲ್ಲಿ 15 ಪ್ರಕರಣಗಳಿವೆ. (ಕೆಲವು ಪ್ರಕರಣಗಳು ಭಾರತೀತೀರ್ಥರವು ಎಂಬ ಮಾತೂ ಇದೆ. ಈ ಚರ್ಚೆಗೆ ಅದರಿಂದ ಬಾಧಕವೇನಿಲ್ಲ.) ಆರನೆಯದಾದ ಚಿತ್ರದೀಪ ಶುರುವಾಗುವುದೇ ಚಿತ್ರ ಬರೆಯುವ ಬಟ್ಟೆಯಿಂದ. ಬಟ್ಟೆಗೆ ನಾಲ್ಕು ಅವಸ್ಥೆ. ತೊಳೆದ ಬಟ್ಟೆ ತಾನೇ ತಾನಾಗಿ ಬಿಳಿ. ಅನ್ನದ ಗಂಜಿ ಬಳಿದರೆ ಗಡುಸಾಗಿ ಚಿತ್ರಕ್ಕೆ ಸಿದ್ಧ. ಮಸಿಯಲ್ಲಿ ಆಕಾರಗಳನ್ನು ಗುರುತಿಸಿದಾಗ ಮೂರನೆಯ ಅವಸ್ಥೆ. ಬಣ್ಣ ತುಂಬಿದಾಗ ನಾಲ್ಕನೆಯದು. ಪರಮಾತ್ಮನಲ್ಲೂ ಹೀಗೇ ಶುದ್ಧ ಚೈತನ್ಯ, ಅಂತರ್ಯಾಮಿ, ಸೂತ್ರಾತ್ಮ, ವಿರಾಟ್ ಎಂದು ನಾಲ್ಕನ್ನು ತಿಳಿಯಬೇಕು ಎನ್ನುತ್ತದೆ ಗ್ರಂಥ. ಇಂದಿನ ರಬ್ಬರ್ ಅಚ್ಚಿನವರು ಮಾಡುವ ಕೆಲಸದ ಎಲ್ಲ ಮೆಟ್ಟಿಲುಗಳೂ ಅಲ್ಲಿವೆ: ಬಿಳಿ ನೆಲ, ಹದ ಮಾಡಿದ ನೆಲ, ಮಸಿಯ ಗೆರೆ, ಬಣ್ಣ.

ಆ ದೃಷ್ಟಾಂತದಲ್ಲಿ ಜೀವ ಎಲ್ಲಿದ್ದಾನೆ ಎಂದು ಕೇಳಿಕೊಳ್ಳಬೇಕು. ಚಿತ್ರಕಾರನ ಜಾಗದಲ್ಲಿ ಇಲ್ಲ, ಚಿತ್ರದೊಳಗಿನ ಮನುಷ್ಯರು ತೊಟ್ಟ ಬಟ್ಟೆಯ ಜಾಗದಲ್ಲಿದ್ದಾನೆ. ಆ ಮನುಷ್ಯರಿಗೆ ಚಿತ್ರಕಾರ ಬಟ್ಟೆ ತೊಡಿಸಿರುತ್ತಾನೆ. ಆ ಬರೆದ ಬಟ್ಟೆ, ಎಲ್ಲಕ್ಕೂ ಆಧಾರವಾದ ನಿಜವಾದ ಬಟ್ಟೆಯ ಹಾಗೆಯೇ ಕಾಣುತ್ತದೆ. ನೋಡುವವನು ಬರೆದ ಬಟ್ಟೆಯ ಬಣ್ಣವನ್ನು ಆಧಾರದ ಬಟ್ಟೆಗೆ ಅಂಟಿಸಿ ಮೋಸಹೋಗುತ್ತಾನೆ. ಜೀವನಿಗೆ ಸೇರಿದ ಸುಖದುಃಖಗಳನ್ನು ಆತ್ಮನಿಗೆ ಅಂಟಿಸುವುದೂ ಇಂಥದೇ ತಪ್ಪು. ಇದನ್ನು ಒಪ್ಪಿದರೆ ‘ಗೆರೆ ನಿನ್ನದಲ್ಲ’ ಎಂಬ ತಕರಾರಿನ ಬುಡವೇ ಅಲುಗುತ್ತದೆ. ತೊಳೆದ ಬಟ್ಟೆಯಿಂದ ತಾನೇ ಶುರುಮಾಡಿದೆ ಎನ್ನಬಲ್ಲ ಜೀವ ಈ ಲೆಕ್ಕದಲ್ಲಿ ಒಬ್ಬನೂ ಇಲ್ಲ. ಮೈ, ಮನೆ, ಭಾಷೆ ಎಲ್ಲವೂ ಮಸಿ ಒಣಗಿದ ಮೇಲೆಯೇ ನಮ್ಮ ಕೈಗೆ ಬಂದವು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೂ ಕಥೆ ವ್ಯಾಸರದ್ದು. ಗೆರೆ ಯಾರದ್ದು ಎಂಬುದರಿಂದ ಸಾಧನೆಯನ್ನು ಅಳೆಯಲು ಹೊರಟರೆ ಅಳೆಯುವವನಿಗೇ ನಿಲ್ಲಲು ಜಾಗವಿರುವುದಿಲ್ಲ.

ಹಾಗಾದರೆ ಅಳೆಯಬೇಕಾದದ್ದು ಎಲ್ಲಿ? ಅಚ್ಚೊತ್ತಿದ ತಾವರೆಯ ಒಂದೇ ಒಂದು ಎಸಳನ್ನು ತೆಗೆದುಕೊಳ್ಳಿ. ಪೆನ್ಸಿಲಿನ ಬಣ್ಣ ಎಂದರೆ ಮೇಣದಲ್ಲೋ ಎಣ್ಣೆಯಲ್ಲೋ ಕಲಸಿದ ಬಣ್ಣದ ಪುಡಿ. ಕಾಗದದ ಮೈಯಲ್ಲಿ ಕಣ್ಣಿಗೆ ಕಾಣದ ತರಿ ಇರುತ್ತದೆ, ಬಣ್ಣ ಕೂರುವುದು ಆ ತರಿಯ ಮೇಲೆ. ಮೊದಲು ತಿಳಿ ಗುಲಾಬಿಯನ್ನು ಒತ್ತದೆ, ಸಣ್ಣ ಸುತ್ತುಗಳಲ್ಲಿ, ಬುಡದಿಂದ ತುದಿಯ ಕಡೆಗೆ ಹಗುರವಾಗುತ್ತ ಹೋಗುವಂತೆ ಹಾಕುತ್ತಾರೆ. ತುದಿಯನ್ನು ಮುಟ್ಟುವುದಿಲ್ಲ. ಅದರ ಮೇಲೆ ಬುಡದ ಅರ್ಧಕ್ಕೆ ಕಡು ಗುಲಾಬಿ, ಬುಡದ ಕಾಲುಭಾಗಕ್ಕೆ ನೇರಳೆ. ನೆರಳಿಗೆ ಕಪ್ಪು ಬಳಸಿದರೆ ಬಣ್ಣ ಸತ್ತಂತಾಗುತ್ತದೆ, ಒಂದು ಎಳೆ ಹಸಿರು ಹಾಯಿಸಿದರೆ ಗುಲಾಬಿ ತಾನಾಗಿ ಮಂಕಾಗಿ ಹಿಂದೆ ಸರಿಯುತ್ತದೆ. ಕೊನೆಗೆ ಮತ್ತೆ ತಿಳಿ ಗುಲಾಬಿಯನ್ನೋ ಬಿಳಿಯನ್ನೋ ಒತ್ತಿ ತಿಕ್ಕಿದಾಗ ಪದರಗಳು ಒಂದರೊಳಗೊಂದು ಬೆರೆತು ಎಲ್ಲಿ ಯಾವುದು ಮುಗಿಯಿತು ಎಂಬುದು ಕಾಣದಂತಾಗುತ್ತದೆ. ಇಲ್ಲಿ ಆತುರಪಟ್ಟು ಮೊದಲ ಪದರದಲ್ಲೇ ಒತ್ತಿದರೆ ತರಿ ಮೇಣದಿಂದ ಮುಚ್ಚಿಹೋಗುತ್ತದೆ. ಆಮೇಲೆ ಯಾವ ಬಣ್ಣ ತಂದರೂ ಜಾರುತ್ತದೆ, ಕಾಗದ ತೆಗೆದುಕೊಳ್ಳುವುದಿಲ್ಲ. ಮುಖ್ಯ ಸಂಗತಿ ಇನ್ನೊಂದಿದೆ. ಪೆನ್ಸಿಲಿನ ಬಣ್ಣ ಅರೆಪಾರದರ್ಶಕ. ಕಡು ಬಣ್ಣದ ಮೇಲೆ ಬಿಳಿ ಪೆನ್ಸಿಲ್ ಎಷ್ಟು ತಿಕ್ಕಿದರೂ ಕಳೆದ ಬೆಳಕು ಪೂರ್ತಿ ಹಿಂದಿರುಗುವುದಿಲ್ಲ. ಎಸಳಿನ ತುದಿಯಲ್ಲಿ ಹೊಳೆಯುವುದು ಯಾವ ಪೆನ್ಸಿಲಿನ ಬಿಳಿಯೂ ಅಲ್ಲ, ಬಿಟ್ಟ ಕಾಗದ. ಬಣ್ಣ ಹಾಕಿದ ಕಡೆಯೂ ಕಾಂತಿ ಬರುವುದು ಬೆಳಕು ಪದರಗಳನ್ನು ದಾಟಿ ಕಾಗದಕ್ಕೆ ತಗುಲಿ ಹಿಂದಿರುಗುವುದರಿಂದ.

ವಿದ್ಯಾರಣ್ಯರ ಬಟ್ಟೆ ನೆನಪಾಗಬೇಕಾದದ್ದು ಈ ಹಂತದಲ್ಲಿ. ತುಂಬುವವನಿಗೆ ಗೆರೆಯ ಮೇಲೆ ಹಕ್ಕಿಲ್ಲ, ಬಣ್ಣ ಡಬ್ಬಿಯದು, ಹೊಳಪು ಕಾಗದದ್ದು. ಉಳಿಯುವುದು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂಬ ಎಚ್ಚರ. ನೆಲ ಕಾಣುವಂತೆ ತುಂಬುವ ಈ ಎಚ್ಚರವೇ ಕೊಟ್ಟ ಗೆರೆಯೊಳಗಿನ ಸಾಧನೆ ಎಂಬುದು ನನ್ನ ವಾದ. ಚಿತ್ರಶಾಸ್ತ್ರದ ಬೆಂಬಲವೂ ಇದಕ್ಕಿದೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದ ಚಿತ್ರಸೂತ್ರವು ಚಿತ್ರದಲ್ಲಿ ಯಾರು ಏನನ್ನು ಮೆಚ್ಚುತ್ತಾರೆ ಎಂದು ಪಟ್ಟಿ ಮಾಡುತ್ತದೆ. ಆಚಾರ್ಯರು ರೇಖೆಯನ್ನು, ವಿಚಕ್ಷಣರು ವರ್ತನವನ್ನು, ಅಂದರೆ ನೆರಳು ಬೆಳಕಿನ ಏರಿಳಿತವನ್ನು, ಹೆಂಗಸರು ಒಡವೆಯನ್ನು, ಉಳಿದವರು ಬಣ್ಣದ ಸಮೃದ್ಧಿಯನ್ನು. (ಹೆಂಗಸರ ಬಗೆಗಿನ ಮಾತು ಬರೆದವರ ಕಾಲದ್ದು, ಅಲ್ಲೇ ಇರಲಿ.) ವರ್ತನ ಮೂರು ಬಗೆ: ಎಲೆಯ ನರಗಳಂಥ ಗೆರೆಗಳಿಂದ, ಅತಿ ಸಣ್ಣ ಗೆರೆಗಳಿಂದ, ಚುಕ್ಕೆಗಳಿಂದ. ಪೆನ್ಸಿಲ್ ಹಿಡಿದವರು ಇಂದಿಗೂ ಈ ಮೂರರಲ್ಲೇ ಶೇಡಿಂಗ್ ಮಾಡುತ್ತಾರೆ. ಗುರುಗಳ ಮೆಚ್ಚುಗೆ ರೇಖೆಗೆ ಎಂಬುದು ನನ್ನ ವಾದಕ್ಕೆ ವಿರುದ್ಧ ಎಂದು ಯಾರಾದರೂ ಹೇಳಬಹುದು. ರೇಖೆ ಹಿರಿದೆಂದು ಒಪ್ಪುತ್ತೇನೆ. ರೇಖೆ ಬೇರೆಯವರದಾದಾಗ ಉಳಿದದ್ದಕ್ಕೆ ಬೆಲೆಯಿಲ್ಲ ಎಂದು ಮಾತ್ರ ಆ ಶಾಸ್ತ್ರ ಹೇಳುವುದಿಲ್ಲ, ವಿವೇಕಿಗಳ ಕಣ್ಣನ್ನು ಅದು ವರ್ತನದ ಮೇಲೇ ಇರಿಸಿದೆ.

ಇದಕ್ಕಿಂತ ಗಟ್ಟಿ ಆಕ್ಷೇಪ ವೇದಾಂತದ ಒಳಗಿನಿಂದಲೇ ಬರುತ್ತದೆ. ವಿದ್ಯಾರಣ್ಯರು ಬಣ್ಣ ತುಂಬಿ ಎಂದು ಹೇಳಲು ಬಟ್ಟೆಯ ಮಾತೆತ್ತಲಿಲ್ಲ, ಬಣ್ಣ ಆರೋಪಿತ, ಬಟ್ಟೆಯೊಂದೇ ಸತ್ಯ ಎಂದು ತೋರಿಸಲು ಎತ್ತಿದರು. ಅವರ ದೃಷ್ಟಾಂತವನ್ನು ಬಣ್ಣದವರ ಪರವಾಗಿ ಬಳಸುವುದು ಅಪಚಾರವಲ್ಲವೇ? ನಿಜ, ಅವರ ಗುರಿ ಬಟ್ಟೆ. ಆದರೆ ಬಟ್ಟೆಯನ್ನು ಕಾಣಲು ಚಿತ್ರವನ್ನು ಒಗೆದು ತೆಗೆಯಿರಿ ಎಂದು ಅವರು ಹೇಳಿಲ್ಲ. ಮುಂದಿನ ತೃಪ್ತಿದೀಪ ಪ್ರಕರಣದಲ್ಲಿ ಜ್ಞಾನಿಗೂ ಪ್ರಾರಬ್ಧ ಇರುವಷ್ಟು ಕಾಲ ವ್ಯವಹಾರ ನಡೆಯುತ್ತದೆ. ಹೋಗುವುದು ಮೋಸ, ಚಿತ್ರ ಇರುತ್ತದೆ. ಹಾಗಿರುವಾಗ ಬಣ್ಣದ ನಡುವೆ ಬಟ್ಟೆಯನ್ನು ಮರೆಯದಿರುವ ಅಭ್ಯಾಸ ಆ ಗುರಿಗೆ ಅಡ್ಡ ಬರುವುದಿಲ್ಲ. ಇನ್ನು ಮಧ್ವಾಚಾರ್ಯರ ಅನುಯಾಯಿಗಳು ಬೇರೆಯೇ ಕಡೆಯಿಂದ ಹಿಡಿಯುತ್ತಾರೆ: ಬಣ್ಣ ಕಾಗದವನ್ನು ನೆಚ್ಚಿ ನಿಂತಿದೆ ಎಂದರೆ ಅದು ಪರತಂತ್ರ ಎಂದಾಯಿತು, ಮಿಥ್ಯೆ ಎಂದು ಹೇಗಾದೀತು? ದಿನಾ ಮುದ್ರೆ ಒತ್ತಿಕೊಳ್ಳುವವರಿಂದಲೇ ಬಂದ ಪ್ರಶ್ನೆಗೆ ತೂಕ ಹೆಚ್ಚು. ಈ ಜಗಳವನ್ನು ಪೆನ್ಸಿಲ್ ಬಿಡಿಸಲಾರದು. ಬಣ್ಣಕ್ಕೆ ಸ್ವಂತ ಬೆಳಕಿಲ್ಲ ಎಂಬಷ್ಟನ್ನು ಅದು ಕಣ್ಣಿಗೆ ತೋರಿಸುತ್ತದೆ. ಅಲ್ಲಿಯವರೆಗೆ ಅದ್ವೈತಿಗೂ ದ್ವೈತಿಗೂ ತಕರಾರಿಲ್ಲ. ಅದರಾಚೆಗೆ ಪ್ರಮಾಣ ಬೇಕು, ದೃಷ್ಟಾಂತ ಸಾಲದು.

ಬಸವೇಶ್ವರನಗರ ಕೂಗಳತೆಯಲ್ಲಿರುವಾಗ ಶರಣರ ಆಕ್ಷೇಪವನ್ನು ಬಿಟ್ಟು ಮುಂದೆ ಹೋಗಲಾಗದು. ಯಾರೋ ಮಾಡಿಟ್ಟ ಆಚಾರದ ಅಚ್ಚಿಗೆ ಬಣ್ಣ ಬಳಿದು ಭಕ್ತಿ ಎನ್ನುವುದನ್ನೇ 12ನೇ ಶತಮಾನದ ವಚನಕಾರರು ಖಂಡಿಸಿದ್ದಲ್ಲವೇ ಎಂದು ಅವರ ಕಡೆಯವರು ಕೇಳಬಹುದು. ಖಂಡಿಸಿದ್ದು ಹೌದು. ಹಾಗೆ ಖಂಡಿಸಿದವರ ಅಂಗೈಯಲ್ಲಿದ್ದದ್ದು ಇಷ್ಟಲಿಂಗ. ಗುರು ದೀಕ್ಷೆಯಲ್ಲಿ ಕೊಟ್ಟದ್ದು, ಕಪ್ಪು ಲೇಪದ ಮೈ, ಎಲ್ಲರದಕ್ಕೂ ಹೆಚ್ಚುಕಡಿಮೆ ಒಂದೇ ಆಕಾರ. ಪಕ್ಕದವರದ್ದೂ ಹೀಗೇ ಇದೆ, ಆದ್ದರಿಂದ ಇದು ನನ್ನದಲ್ಲ ಎಂದು ಯಾವ ಶರಣನೂ ಅಂದುಕೊಳ್ಳಲಿಲ್ಲ. ಅದಕ್ಕಿಂತ ಸ್ವಂತದ್ದು ಇನ್ನೊಂದಿಲ್ಲವೆಂದೇ ಭಾವಿಸಿದರು. ಬಸವಣ್ಣನವರ ವಚನಗಳೂ ಒಂದೇ ಅಂಕಿತದಲ್ಲಿ ಮುಗಿಯುತ್ತವೆ, ಆ ಅಂಕಿತದ ಮುಂಚೆ ಬರುವ ಮಾತು ಒಂದರಂತೆ ಇನ್ನೊಂದಿಲ್ಲ. ಅವರ ಬೆರಳು ತೋರುವುದು ಕುರುಹನ್ನು ಹಿಡಿದು ಅರಿವನ್ನು ಮರೆತವನ ಕಡೆಗೆ. ಆ ಏಟು ಬಣ್ಣ ತುಂಬುವವರಿಗೂ ತಗುಲಬೇಕಾದದ್ದೇ. ಗೆರೆ ದಾಟಲಿಲ್ಲ ಎಂಬ ಒಂದೇ ಹೆಮ್ಮೆಯಿಂದ ಎಸಳನ್ನೆಲ್ಲ ದಟ್ಟವಾಗಿ ಮೆತ್ತಿ ಕಾಗದ ಮುಚ್ಚಿದವನು ಅಚ್ಚುಕಟ್ಟಾಗಿ ಕೆಟ್ಟಿದ್ದಾನೆ. ಮಡಿ, ಮೈಲಿಗೆ, ಮುಹೂರ್ತದ ನಿಮಿಷಗಳಲ್ಲೇ ಪೂಜೆ ಮುಗಿಸುವವರೂ ಇದೇ ಸಾಲಿನವರು. ತಪ್ಪು ಅಚ್ಚಿನದಲ್ಲ.

ಕೊನೆಗೆ ಮಾರುಕಟ್ಟೆಯ ಮಾತು. 2013ರಲ್ಲಿ ಸ್ಕಾಟ್ಲೆಂಡಿನ ಜೊಹಾನಾ ಬಾಸ್‌ಫರ್ಡ್ ಅವರ ‘ಸೀಕ್ರೆಟ್ ಗಾರ್ಡನ್’ ಬಂದ ಮೇಲೆ ದೊಡ್ಡವರ ಬಣ್ಣದ ಪುಸ್ತಕ ಜಗತ್ತಿನಾದ್ಯಂತ ಮಾರಾಟವಾಯಿತು. ಮಂಡಲಗಳಿಗೆ ಬಣ್ಣ ತುಂಬಿದರೆ ಮನಶ್ಶಾಂತಿ ಎಂಬ ಜಾಹೀರಾತೂ ಜೊತೆಗೆ ಬಂತು. ಅದಕ್ಕೂ ಮೊದಲೇ, 2005ರಲ್ಲಿ, ಅಮೆರಿಕದಲ್ಲಿ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 84 ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ನಡೆಸಿದ್ದರು. ಕೆಲವರಿಗೆ ಮಂಡಲದ ಗೆರೆ, ಕೆಲವರಿಗೆ ಚೌಕಳಿ, ಕೆಲವರಿಗೆ ಖಾಲಿ ಹಾಳೆ. ಕಳವಳ ಇಳಿದದ್ದು ಗೆರೆ ಸಿಕ್ಕವರಲ್ಲಿ. ಖಾಲಿ ಹಾಳೆಯವರಲ್ಲಿ ಅಷ್ಟು ಇಳಿಯಲಿಲ್ಲ. ಕೊಟ್ಟ ಗೆರೆ ಮನಸ್ಸನ್ನು ಕಟ್ಟಿಹಾಕುವ ಬದಲು ನೆಲೆಗೊಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಈ ಸಾಕ್ಷಿಯನ್ನು ನಾನು ಹೆಚ್ಚು ಎಳೆಯುವುದಿಲ್ಲ. ಕಳವಳ ಇಳಿಯುವುದು ಒಳ್ಳೆಯ ನಿದ್ದೆಯಿಂದಲೂ ಆಗುತ್ತದೆ. ಶಾಂತಿಯನ್ನು ಜ್ಞಾನ ಎಂದು ಮಾರುವವರಿಗೆ ವಿದ್ಯಾರಣ್ಯರ ಹೆಸರು ಬಳಸುವ ಅಧಿಕಾರವಿಲ್ಲ. ಬಣ್ಣ ತುಂಬಿದ ಮಾತ್ರಕ್ಕೆ ಯಾರೂ ವೇದಾಂತಿಯಾಗುವುದಿಲ್ಲ, ಗಂಟೆಗಟ್ಟಲೆ ಹಾರ್ಮೋನಿಯಂ ಒತ್ತಿದವರೆಲ್ಲ ದಾಸರಾಗದ ಹಾಗೆ. ಕೇಳಿದ್ದನ್ನು ಮನನ ಮಾಡುವವನಿಗೆ ಈ ಕೆಲಸ ಕಣ್ಣೆದುರಿನ ಪಾಠವಾಗಬಲ್ಲದು, ಅಷ್ಟೇ.

ಪಂಚದಶಿಗೆ ಕನ್ನಡದಲ್ಲಿ ಅನುವಾದಗಳಿವೆ. ಓದುವವರು ಚಿತ್ರದೀಪದ ಕೊನೆಯ ಶ್ಲೋಕವನ್ನು ನೋಡಬೇಕು. ಈ ಪ್ರಕರಣವನ್ನು ನಿತ್ಯವೂ ಅನುಸಂಧಾನ ಮಾಡುವವರು ಜಗತ್ತೆಂಬ ಚಿತ್ರವನ್ನು ನೋಡುತ್ತಿದ್ದರೂ ಮೊದಲಿನಂತೆ ಮೋಹಗೊಳ್ಳುವುದಿಲ್ಲ ಎಂದು ಅಲ್ಲಿ ಫಲ ಹೇಳಿದೆ. ಅವರಿಗೆ ಚಿತ್ರ ಕಾಣದೆ ಹೋಗುತ್ತದೆ ಎಂದು ಹೇಳಿಲ್ಲ.