ನೆರಳು ಯಾರದು?

ದುಬೈಯಲ್ಲಿ ದುಡಿಯುವ ನಮ್ಮ ಕರಾವಳಿಯ ಅನೇಕರಿಗೆ ಮರುಭೂಮಿಯೆಂದರೆ ರಜಾದಿನದಂದು ಜೀಪು ಹತ್ತಿ ಮರಳದಿಬ್ಬಗಳ ಮೇಲೆ ಹಾರಾಡುವ ಮೋಜು. ಅದೇ ಮರುಭೂಮಿಯಲ್ಲಿ ಸುಮಾರು 225 ಚದರ ಕಿಲೋಮೀಟರ್ ವಿಸ್ತಾರದ ಸಂರಕ್ಷಿತ ಪ್ರದೇಶವೊಂದಿದೆ. ಮುಂಜಾನೆ ಮಾರ್ಗದರ್ಶಕನ ಹಿಂದೆ ನಡೆದು ಹೋದರೆ ಘಾಫ್ ಮರಗಳು ಸಿಗುತ್ತವೆ. ನಾವು ಬನ್ನಿ ಎನ್ನುತ್ತೇವಲ್ಲ, ಅದೇ ಮರ. ಬಿಸಿಲೇರಿದಂತೆ ಬಿಳಿ ಮೈಯ, ನೀಳ ಕೊಂಬಿನ ಅರೇಬಿಯನ್ ಓರಿಕ್ಸ್ ಇಂತಹ ಮರಗಳ ನೆರಳು ಸೇರುತ್ತದೆ.

ಬಿಲ್ಲು, ಭರ್ಚಿಗಳ ಕಾಲವನ್ನು ದಾಟಿ ಬಂದ ಈ ಪ್ರಾಣಿ, ಮೋಟಾರು ವಾಹನ ಮತ್ತು ಬಂದೂಕಿನ ಮುಂದೆ ಸೋತಿತು. 1972ರಲ್ಲಿ ಒಮಾನ್‌ನಲ್ಲಿ ಕೊನೆಯ ಕಾಡು ಓರಿಕ್ಸ್ ಬೇಟೆಗೆ ಬಲಿಯಾಯಿತು. ಅಮೆರಿಕದ ಮೃಗಾಲಯಗಳಲ್ಲಿ ಉಳಿದಿದ್ದ ಸಂತತಿಯನ್ನು ತಂದು 1982ರಲ್ಲಿ ಮತ್ತೆ ಅಲ್ಲಿನ ಮರುಭೂಮಿಗೆ ಬಿಡಲಾಯಿತು. 1996ರಿಂದ ಕಳ್ಳಬೇಟೆ ಮರುಕಳಿಸಿತು. ಅಭಯಾರಣ್ಯದ ಶೇಕಡ 90ರಷ್ಟು ಭಾಗವನ್ನು ಸರಕಾರವೇ ಕಡಿತಗೊಳಿಸಿತು. 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ಕೈಬಿಟ್ಟಿತು. ಹಾಗೆ ಹೊರಬಿದ್ದ ಮೊದಲ ತಾಣವದು.

ನಮ್ಮ ಕೈಯಲ್ಲಿರುವುದು ಬಂದೂಕಲ್ಲ, ಬರೀ ಕ್ಯಾಮೆರಾ ಎಂದು ನಾವು ನಿರಾಳರಾಗಬಹುದು. ಆದರೆ ಕೊಲ್ಲದಿದ್ದರೆ ಸಾಕೇ?

ಇಹ್ರಾಮ್ ಧರಿಸಿದವನು ನೆಲದ ಪ್ರಾಣಿಯನ್ನು ಬೇಟೆಯಾಡುವಂತಿಲ್ಲ. ಬೇಟೆಗಾರನಿಗೆ ಅದನ್ನು ತೋರಿಸಿಕೊಡುವಂತೆಯೂ ಇಲ್ಲ. ಮಕ್ಕಾದ ಹರಮ್‌ನಲ್ಲಿ ಪ್ರಾಣಿಯನ್ನು ಬೆದರಿಸುವುದನ್ನೂ ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದರು. ಬೆದರಿಸುವುದೆಂದರೇನು? ನೆರಳಲ್ಲಿರುವ ಪ್ರಾಣಿಯನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುವುದು ಎಂದು ಇಬ್ನು ಅಬ್ಬಾಸ್‌ರ ಶಿಷ್ಯ ಇಕ್ರಿಮಾ ವಿವರಿಸಿದರು.

ದುಬೈಯ ಮರಳಿಗೆ ಹರಮ್‌ನ ಕಾನೂನು ಅನ್ವಯವಾಗುವುದಿಲ್ಲ, ನಿಜ. ಆದರೆ ಅದು ಕಲಿಸುವ ಅದಬಿಗೆ ಗಡಿ ಹಾಕಿದವರು ಯಾರು? ಬೇಸಿಗೆಯಲ್ಲಿ ಓರಿಕ್ಸ್‌ಗೆ ನೆರಳೆಂದರೆ ಬರೀ ಸುಖವಲ್ಲ. ಮೈಯೊಳಗಿನ ನೀರನ್ನು ಉಳಿಸಿಕೊಳ್ಳುವ ದಾರಿ. ಒಂದು ಒಳ್ಳೆಯ ಚಿತ್ರಕ್ಕಾಗಿ ನಾವಿಡುವ ನಾಲ್ಕು ಹೆಜ್ಜೆ ಅದನ್ನು ಬಿಸಿಲಿಗೆ ಓಡಿಸಬಹುದು. ಅಪರೂಪದ ಪ್ರಾಣಿಯ ಚಿತ್ರದ ಜೊತೆ ಅದು ಕಂಡ ಜಾಗವನ್ನೂ ಮೊಬೈಲಿನಲ್ಲಿ ಹಂಚಿಕೊಂಡರೆ, ಬೇಟೆಗಾರನಿಗೆ ತೋರಿಸಿಕೊಟ್ಟಂತೆಯೇ ಆಗಬಹುದು.

ಹಾಗಾದರೆ ಹೋಗಲೇಬಾರದೇ? ಹೋಗಬೇಕು. ಕಣ್ಣಾರೆ ಕಾಣದ್ದರ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಆದರೆ ಪರರ ಮನೆಗೆ ಹೋದಾಗ ನಾವು ಬಾಗಿಲಲ್ಲಿ ನಿಂತು ಸಲಾಮ್ ಹೇಳಿ ಅನುಮತಿ ಕೇಳುತ್ತೇವೆ. ಉತ್ತರ ಬಾರದಿದ್ದರೆ ಮುನಿಸಿಲ್ಲದೆ ಮರಳುತ್ತೇವೆ. ಮಾತು ಬಾರದ ಜೀವಿಯ ಅಂಗಳದಲ್ಲಿ ದೂರ ನಿಲ್ಲುವುದೇ ಆ ಸಲಾಮ್. ಏನೂ ಕಾಣದೆ ಮರಳಿದರೂ ಆ ನಡಿಗೆ ವ್ಯರ್ಥವಲ್ಲ. ಯಾವುದೋ ಜೀವಿಯ ನೆರಳು ಅದಕ್ಕೇ ಉಳಿದಿರುತ್ತದೆ.