*ಎಳೆ ಹಿಡಿದು ಹಿಂದಕ್ಕೆ ಹೋಗುವುದು*

🪷 *ಇಂದಿನ ಧಮ್ಮ ಚಿಂತನೆ* 🪷





ಕಳೆದ ಭಾನುವಾರದ ಆನ್‌ಲೈನ್ ಅಧ್ಯಯನದಲ್ಲಿ ನಾವು ಪಟಿಚ್ಚಸಮುಪ್ಪಾದ ಓದಿದೆವು. ಕೊನೆಯಲ್ಲಿ ಒಬ್ಬರು ಅಕ್ಕ ಕೇಳಿದರು: "ಹನ್ನೆರಡು ಕೊಂಡಿಗಳೂ ಬಾಯಿಪಾಠ ಆಗಿವೆ. ಆದರೆ ದಿನದ ಬದುಕಿನಲ್ಲಿ ಅವು ಎಲ್ಲಿ ಕಾಣುತ್ತವೆ?" ಆಗ ನಾನು ಸುಮ್ಮನಿದ್ದೆ. ಉತ್ತರ ನನ್ನ ಹತ್ತಿರ ಇತ್ತು, ಹೇಳಲು ನಾಚಿಕೆಯಿತ್ತು. ಇಂದು ಬರೆಯುವ ಸರದಿ ನನ್ನದಾದ್ದರಿಂದ ಹೇಳಿಬಿಡುತ್ತೇನೆ.

ನಾನಿರುವುದು ಅಮೆರಿಕದ ಡೆನ್ವರ್‌ನಲ್ಲಿ. ನನ್ನ ಬಳಿ 1990ರ ದಶಕದ ಒಂದು ಪಿಕಪ್ ಟ್ರಕ್ ಇದೆ. ಊರಿನಿಂದ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಬೆಟ್ಟದ ಏರು ಶುರು. ಐಸೆನ್‌ಹೋವರ್ ಸುರಂಗ ತಲುಪುವಾಗ 11,000 ಅಡಿ ದಾಟಿರುತ್ತೇವೆ. ಕಳೆದ ಬೇಸಿಗೆಯಲ್ಲಿ ಗಾಡಿಗೆ ಒಂದು ವಿಚಿತ್ರ ಕಾಯಿಲೆ ಬಂತು. ಸಮತಟ್ಟಾದ ರಸ್ತೆಯಲ್ಲಿ ಎ.ಸಿ. ಗಾಳಿ ಮುಖಕ್ಕೆ ಸರಿಯಾಗಿ ಬರುತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಆ ಗಾಳಿಯೆಲ್ಲ ಮುಂದಿನ ಗ್ಲಾಸಿಗೆ ಹೋಗಿಬಿಡುತ್ತಿತ್ತು. ಕಾಲು ತೆಗೆದರೆ ಮತ್ತೆ ಮುಖಕ್ಕೆ.

ಅದರ ಹಿಂದಿನ ವಾರ ನನ್ನ ಮಗ ಗಾಡಿ ತೆಗೆದುಕೊಂಡು ಹೋಗಿದ್ದ. ಅವನಿಗೆ ಹದಿನೇಳು ವರ್ಷ. "ಎ.ಸಿ. ಸ್ವಿಚ್ ಹೆಂಗೆಂಗೋ ತಿರುಗಿಸಿ ಹಾಳು ಮಾಡಿದ್ದೀಯ" ಎಂದು ಕೂಗಾಡಿದೆ. ಅದೂ ಅವನ ಇಬ್ಬರು ಸ್ನೇಹಿತರ ಎದುರಿಗೆ. ಅವನು "ನಾನೇನೂ ಮಾಡಿಲ್ಲ ಅಪ್ಪ" ಅಂದ, ಒಂದೇ ಸಲ. ಆಮೇಲೆ ನಾಲ್ಕು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ.

ನಾನು ಗುಜರಿಯಿಂದ ಅರವತ್ತು ಡಾಲರ್ ಕೊಟ್ಟು ಹಳೆಯ ಸ್ವಿಚ್ ಪ್ಯಾನೆಲ್ ತಂದು ಹಾಕಿದೆ. ಏರು ಹತ್ತಿದೆ. ಗಾಳಿ ಮತ್ತೆ ಗ್ಲಾಸಿಗೇ ಹೋಯಿತು. ತೊಂದರೆ ಕಂಡದ್ದು ಪ್ಯಾನೆಲ್ಲಿನಲ್ಲಿ, ಆದರೆ ಹುಟ್ಟಿದ್ದು ಅಲ್ಲಿರಲಿಲ್ಲ.

ಇಂಥ ಹಳೆಯ ಗಾಡಿಗಳಲ್ಲಿ ಗಾಳಿಯ ದಿಕ್ಕು ಬದಲಿಸುವ ಬಾಗಿಲುಗಳನ್ನು ಎಳೆಯುವುದು ಕರೆಂಟ್ ಮೋಟಾರ್ ಅಲ್ಲ, ಎಂಜಿನ್ನಿನ ವ್ಯಾಕ್ಯೂಮ್. ಎಂಜಿನ್ ಗಾಳಿ ಹೀರುವಾಗ ಹುಟ್ಟುವ ಸೆಳೆತ ಅದು. ಪೆನ್ನಿನ ರೀಫಿಲ್ಲಿನಷ್ಟು ಸಣ್ಣ ಬಣ್ಣಬಣ್ಣದ ಕೊಳವೆಗಳು ಆ ಸೆಳೆತವನ್ನು ಡ್ಯಾಶ್‌ಬೋರ್ಡಿನ ಒಳಗೆ ತರುತ್ತವೆ. ಸಮುದ್ರ ಮಟ್ಟದಲ್ಲಿ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಸೆಳೆತ ಸುಮಾರು 17ರಿಂದ 21 ಇಂಚು ಪಾದರಸದಷ್ಟಿರುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಸಾಲದ್ದಕ್ಕೆ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸೆಳೆತ ಇನ್ನೂ ಕುಸಿಯುತ್ತದೆ. ಅದಕ್ಕೇ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಇಟ್ಟಿರುತ್ತಾರೆ. ಸಮತಟ್ಟಿನಲ್ಲಿ ಸಿಕ್ಕ ಸೆಳೆತವನ್ನು ಅದು ಕೂಡಿಟ್ಟುಕೊಂಡು ಏರಿನಲ್ಲಿ ಕೊಡುತ್ತದೆ. ಕೂಡಿಟ್ಟದ್ದು ಎಂಜಿನ್ ಕಡೆಗೆ ವಾಪಸ್ ಹೋಗದಂತೆ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಕೂಡ ಇರುತ್ತದೆ. ಎಲ್ಲೋ ಸೋರಿ ಸೆಳೆತ ಖಾಲಿಯಾದರೆ ಸ್ಪ್ರಿಂಗ್ ಬಾಗಿಲನ್ನು ಮುಂದಿನ ಗ್ಲಾಸಿನ ಕಡೆಗೆ ತಳ್ಳಿಬಿಡುತ್ತದೆ. ಚಳಿಯಲ್ಲಿ ಗ್ಲಾಸಿಗೆ ಮಂಜು ಕಟ್ಟಿ ರಸ್ತೆ ಕಾಣದಂತೆ ಆಗಬಾರದು ಎಂದು ಬೇಕೆಂದೇ ಹಾಗೆ ಮಾಡಿರುವುದು.

ಇಷ್ಟು ತಿಳಿದ ಮೇಲೆ ಹುಡುಕುವ ದಾರಿ ಒಂದೇ. ಗಾಳಿ ಬರುವ ಕಡೆಯಿಂದ ಒಂದೊಂದೇ ಕೊಳವೆ ಹಿಡಿದು ಹಿಂದಕ್ಕೆ ಹೋಗಬೇಕು. ಗೇಜ್ ಇರುವ ಒಂದು ಕೈಪಂಪ್ ಎರವಲು ತಂದೆ. ಬಾಗಿಲುಗಳಿಗೆ ಹೋಗುವ ಒಂದೊಂದು ಕೊಳವೆಗೂ ಸೆಳೆತ ಕೊಟ್ಟು ನೋಡಿದೆ. ಮುಳ್ಳು ನಿಂತೇ ಇತ್ತು, ಅಂದರೆ ಅವೆಲ್ಲ ಸರಿ. ಪ್ಯಾನೆಲ್ಲಿಗೆ ಸೆಳೆತ ತರುವ ಕಪ್ಪು ಕೊಳವೆಗೆ ಹಾಕಿದೆ. ಮುಳ್ಳು ಮೆಲ್ಲನೆ ಇಳಿಯಿತು. ಆ ಕೊಳವೆ ತಗಡಿನ ಗೋಡೆ ದಾಟಿ ಎಂಜಿನ್ ಕಡೆ ಹೋಗಿತ್ತು. ಅಲ್ಲಿ ಕತ್ತಲು. ಮಗನನ್ನು ಕರೆದೆ, "ಸ್ವಲ್ಪ ಟಾರ್ಚ್ ಹಿಡೀತೀಯಾ?" ಬಂದ, ಹಿಡಿದ. ಐದು ನಿಮಿಷದ ಮೇಲೆ ಅವನೇ ಅಂದ, "ಅಪ್ಪ, ಇಲ್ಲಿ."

ಬ್ಯಾಟರಿಯ ಕೆಳಗೆ ಆ ಡಬ್ಬಿಗೆ ಸೇರುವ ರಬ್ಬರ್ ಮೊಣಕೈ ಸೀಳಿತ್ತು. ಬ್ಯಾಟರಿ ತಟ್ಟೆಯ ಅಂಚು ಒತ್ತಿದ ಗುರುತು ಅದರ ಮೇಲೆ ಹಾಗೇ ಇತ್ತು. ಮಾರ್ಚ್‌ನಲ್ಲಿ ಬ್ಯಾಟರಿ ಬದಲಿಸಿದವನು ನಾನು. ಕೂರುತ್ತಿಲ್ಲವೆಂದು ಬಲವಾಗಿ ಅದುಮಿದವನೂ ನಾನೇ. ಅದು ಅವನಿಗೂ ಗೊತ್ತಿತ್ತು. ಅವನು ಏನೂ ಹೇಳಲಿಲ್ಲ.

ಬಂಧುಗಳೇ, ಸಂಯುತ್ತ ನಿಕಾಯದ ನಗರ ಸುತ್ತವನ್ನು ನೆನಪಿಸಿಕೊಳ್ಳಿ. ಜ್ಞಾನೋದಯಕ್ಕೆ ಮುಂಚೆ ತಾನು ಹೇಗೆ ಹುಡುಕಿದೆ ಎಂದು ಭಗವಾನರು ಅಲ್ಲಿ ಹೇಳುತ್ತಾರೆ. ಅವರು ಶುರು ಮಾಡುವುದು ಕಣ್ಣಿಗೆ ಕಾಣುವ ದುಃಖದಿಂದ, ಅಂದರೆ ಮುಪ್ಪು ಸಾವಿನಿಂದ. ಇದು ಯಾವುದು ಇರುವುದರಿಂದ ಬಂತು ಎಂದು ಕೇಳುತ್ತಾ ಜಾತಿ, ಭವ, ಉಪಾದಾನ, ತಣ್ಹಾ, ವೇದನಾ ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಾರೆ. ಒಂದು ಹೆಜ್ಜೆಯನ್ನೂ ಹಾರಿಸುವುದಿಲ್ಲ, ಊಹೆ ಮಾಡುವುದಿಲ್ಲ. ಕಾಡಿನಲ್ಲಿ ಹಳೆಯ ಕಾಲುದಾರಿ ಹಿಡಿದು ನಡೆದವನಿಗೆ ಮರೆತುಹೋದ ಪಟ್ಟಣ ಸಿಕ್ಕಿದ ಹಾಗೆ ಎಂದು ಅದಕ್ಕೇ ಹೋಲಿಸುತ್ತಾರೆ.

ಆ ಸಂಜೆ ನಾನೂ ನನ್ನ ಕೂಗಾಟದ ಎಳೆ ಹಿಡಿದು ಹಿಂದಕ್ಕೆ ಹೋದೆ. ಕೂಗುವ ಮುಂಚೆ "ತಪ್ಪು ಅವನದೇ" ಎಂಬ ಹಟ ಇತ್ತು. ಅದು ಉಪಾದಾನ. ಅದಕ್ಕೂ ಮುಂಚೆ "ಹೀಗೆ ಆಗಲೇಬಾರದಿತ್ತು" ಎಂಬ ತಹತಹ. ಅದು ತಣ್ಹಾ. ಅದಕ್ಕೂ ಮುಂಚೆ ಎದೆಯಲ್ಲಿ ಒಂದು ಭಾರ. ಅದು ವೇದನಾ. ಆ ಭಾರ ಗಾಡಿಯಿಂದ ಬಂದದ್ದೇ? ಅಲ್ಲ. ಅವತ್ತು ಬೆಳಿಗ್ಗೆ ಹಾಸನದಿಂದ ಫೋನ್ ಬಂದಿತ್ತು. ಅಮ್ಮನ ಸ್ಕ್ಯಾನ್ ರಿಪೋರ್ಟ್ ಚೆನ್ನಾಗಿರಲಿಲ್ಲ. ಇಷ್ಟು ದೂರದಲ್ಲಿ ಕುಳಿತು ನಾನು ಏನೂ ಮಾಡುವ ಹಾಗಿರಲಿಲ್ಲ. ಯಾರಿಗೂ ಹೇಳದೆ ನುಂಗಿಕೊಂಡಿದ್ದೆ.

ಕೊನೆಯವರೆಗೂ ಹೋಗಿ ನೋಡಿದರೆ, ನನ್ನ ಮಗ ಆ ಸರಪಳಿಯಲ್ಲಿ ಎಲ್ಲೂ ಇರಲಿಲ್ಲ. ಅದು ತುದಿ ಮುಟ್ಟಿದ ಜಾಗದಲ್ಲಿ ಅವನು ನಿಂತಿದ್ದ, ಅಷ್ಟೇ.

ಕಾರಣ ಹುಡುಕುವುದು ಎಂದರೆ ನೆಪ ಹುಡುಕುವುದಲ್ಲ. ಅಮ್ಮನ ಕಾಯಿಲೆ ನನ್ನ ಕೂಗಾಟಕ್ಕೆ ಸಮಜಾಯಿಷಿ ಆಗುವುದಿಲ್ಲ. ಏರು ಬಂದದ್ದು ಹೊರಗಿನಿಂದ ಇರಬಹುದು, ಸೋರಿದ್ದು ನನ್ನೊಳಗೆ. ಸತಿ ಖಾಲಿಯಾದಾಗ ಗಾಡಿಯ ಬಾಗಿಲಿನಂತೆ ಮನಸ್ಸೂ ತನ್ನ ಹಳೆಯ ಜಾಗಕ್ಕೆ ಹೋಗಿ ಬೀಳುತ್ತದೆ. ಗಾಡಿಗೆ ಆ ಜಾಗವನ್ನು ಯಾರೋ ಯೋಚಿಸಿ, ಕ್ಷೇಮಕ್ಕಾಗಿ ಇಟ್ಟಿದ್ದಾರೆ. ನನ್ನದನ್ನು ನಾನೇ ವರ್ಷಗಟ್ಟಲೆ ಸಿಟ್ಟು ಮಾಡಿ ಮಾಡಿ ಕಟ್ಟಿಕೊಂಡಿದ್ದೇನೆ.

ಮಗನಿಗೆ ಹೇಳಿದೆ, "ಪುಟ್ಟ, ಅದನ್ನ ಸೀಳಿದ್ದು ನಾನೇ. ನಿನ್ನ ಸ್ನೇಹಿತರ ಮುಂದೆ ಬೈದಿದ್ದು ನನ್ನ ತಪ್ಪು. ಅವರಿಗೂ ಹೇಳ್ತೀನಿ." ಅಜ್ಜಿಯ ವಿಷಯವನ್ನೂ ಹೇಳಿದೆ. ಅವನು ಟಾರ್ಚ್ ಆರಿಸಿದ. "ಅಜ್ಜಿಗೆ ಹುಷಾರಿಲ್ಲ ಅಂತ ನನಗೂ ಹೇಳಬಹುದಿತ್ತಲ್ವಾ ಅಪ್ಪ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ಇಂಚು ರಬ್ಬರ್ ಕೊಳವೆ ಹಾಕಿದೆವು. ಐದು ಡಾಲರ್ ಕೂಡ ಆಗಲಿಲ್ಲ. ಮುಂದಿನ ಶನಿವಾರ ಸುರಂಗದವರೆಗೂ ಗಾಳಿ ಮುಖಕ್ಕೇ ಬಂತು. ಗಾಡಿ ಓಡಿಸಿದ್ದು ಅವನು. ಅಮ್ಮನಿಗೆ ಚಿಕಿತ್ಸೆ ನಡೆಯುತ್ತಿದೆ. ಈಗ ಇಬ್ಬರೂ ಒಟ್ಟಿಗೆ ಕುಳಿತು ಫೋನ್ ಮಾಡುತ್ತೇವೆ.

ಸಮತಟ್ಟಿನಲ್ಲಿ ಯಾರ ಮನಸ್ಸಾದರೂ ಶಾಂತವಾಗಿಯೇ ಇರುತ್ತದೆ. ಏರಿನಲ್ಲಿ ಬೇಕಾಗುವುದು ಕೂಡಿಟ್ಟದ್ದು. ಬೆಳಗಿನ ಇಪ್ಪತ್ತು ನಿಮಿಷದ ಆನಾಪಾನ ಅದಕ್ಕೇ.

🌼 *ಇಂದಿನ ಅಭ್ಯಾಸ:* ಇಂದು ಯಾರ ಮೇಲಾದರೂ ಸಿಟ್ಟು ಬಂದರೆ, ಅವರನ್ನು ತಿದ್ದಲು ಹೋಗುವ ಮುಂಚೆ ಮೂರು ಹೆಜ್ಜೆ ಹಿಂದಕ್ಕೆ ಹೋಗಿ. ಯಾವುದನ್ನು ಹಿಡಿದುಕೊಂಡಿದ್ದೇನೆ? ಏನು ಬೇಡವೆನ್ನುತ್ತಿದ್ದೇನೆ? ಅದಕ್ಕೂ ಮುಂಚೆ ಮೈಯಲ್ಲಿ ಎಂಥ ನೋವಿತ್ತು? ಆ ದಾರಿಯಲ್ಲಿ ಎದುರಿಗಿರುವವರು ಎಲ್ಲಾದರೂ ಸಿಗುತ್ತಾರೆಯೇ ನೋಡಿ. ಸಿಗದಿದ್ದರೆ ಇವತ್ತೇ ಹೋಗಿ ಕ್ಷಮೆ ಕೇಳಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ಸಾಧು, ಸಾಧು, ಸಾಧು 🙏