ಹುಸಿಯೆಂಬ ಹೆಸರು

ಸ್ಲೊವೇನಿಯದ ಕ್ರಾಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಿಂದ ‘ಕಾರ್ಸ್ಟ್’ ಎಂಬ ಹೆಸರು ಬಂದಿತು. ಅಲ್ಲಿ ಮಳೆನೀರು ಕಲ್ಲನ್ನೇ ಕರಗಿಸಿ ಗುಳಿ, ಗುಹೆಗಳನ್ನು ಕೊರೆಯುತ್ತದೆ. ಕಲ್ಲು ಕರಗದೆಯೇ ಅಂಥ ರೂಪ ತಳೆದ ನೆಲಕ್ಕೆ ‘ಹುಸಿ ಕಾರ್ಸ್ಟ್’ ಎನ್ನುತ್ತಾರೆ. ಜರ್ಮನಿಯ ಫಾನ್ ಕ್ನೇಬೆಲ್ 1906ರಲ್ಲಿ ಬಳಸಿದ ಮಾತಿದು.

ಭಾಷೆ ಕಲಿಸುವ ನನಗೆ ಈ ವಿಶೇಷಣ ಒಪ್ಪುವುದಿಲ್ಲ. ಹುಸಿಯಾದುದು ನಮ್ಮ ಹೋಲಿಕೆಯೇ ಹೊರತು ಗುಳಿಯಲ್ಲವಷ್ಟೆ?

ಸೈಬೀರಿಯದ ಯಾಕುತಿಯದಲ್ಲಿ ನೆಲದೊಳಗಿನ ಮಂಜುಗಡ್ಡೆ ಕರಗಿ ಭೂಮಿ ಕುಸಿಯುತ್ತದೆ. ಆ ತಗ್ಗನ್ನು ಅಲ್ಲಿಯ ಜನ ‘ಅಲಾಸ್’ ಎಂದು ಕರೆದು, ಅದರಲ್ಲಿ ದನ, ಕುದುರೆಗಳನ್ನು ಮೇಯಿಸುತ್ತ ಬಂದಿದ್ದಾರೆ. ಅವರಿಗೆ ಅದು ಯಾವುದರ ನಕಲೂ ಅಲ್ಲ.

ಸುಣ್ಣಕಲ್ಲಿನ ಗುಹೆಗೆ ಸಾವಿರಾರು ವರ್ಷ ಬೇಕು; ಮಂಜುನೆಲದ ಮೇಲಿನ ಮನೆ ಕಟ್ಟಿದವನ ಕಣ್ಣೆದುರೇ ವಾಲೀತು. ಹುಸಿಯೆಂದವರು ಅಷ್ಟಕ್ಕೇ ನಿಲ್ಲುತ್ತಾರೆ. ಹೇಗಾಯಿತೆಂದು ಕೇಳಿದವರೇ ಆ ಮನೆಯನ್ನು ಉಳಿಸಿಯಾರು.